ಟಿಡಿಎಸ್ ಪೆನ್ನು ಮತ್ತು ಆರ್‌ಒ: ವಿಜಯಪುರದ ನೀರಿಗೆ ಅದ್ದಿ ಅದ್ದಿ ನೋಡಿದ ಮೇಲೆ

ನೀರಿನಲ್ಲಿ ಉಪ್ಪು, ಖನಿಜ ಎಷ್ಟು ಕರಗಿದೆ ಎಂದು ತೋರಿಸುವ, ಪೆನ್ನಿನ ಆಕಾರದ ಟಿಡಿಎಸ್ ಮೀಟರ್ ನಮ್ಮ ಅಡುಗೆಮನೆ ಸೇರಿ ವರ್ಷಗಳಾದವು. ಗೋಡೆಯ ಮೇಲಿನ, ನೀರಿನ ಉಪ್ಪು ಸೋಸುವ ಮಷಿನ್ನಾದ ಆರ್‌ಒ ಅದಕ್ಕೂ ಹಳೆಯದು. ಎರಡನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ. ಪೆನ್ನಿಲ್ಲದೆ ಆರ್‌ಒ ಇಟ್ಟುಕೊಂಡವರು ಸರ್ವಿಸ್ ಹುಡುಗ ಹೇಳಿದ್ದನ್ನೇ ನಂಬಬೇಕಾಗುತ್ತದೆ; ಪೆನ್ನು ಹಿಡಿದು ಅದು ತೋರಿಸಿದ ಅಂಕಿಯೇ ನೀರಿನ ಜಾತಕ ಅಂದುಕೊಂಡವರ ಪಾಡೂ ಅಷ್ಟೇ. ಕಂಪನಿಗಳ ಹೆಸರು ಬರೆಯುವುದಿಲ್ಲ. ಕೆಲವು ನೂರು ರೂಪಾಯಿಗೆ ಸಿಗುವ ಈ ಪೆನ್ನುಗಳ ಹೊಟ್ಟೆಯೊಳಗೆ ಇರುವುದು ಹೆಚ್ಚುಕಡಿಮೆ ಒಂದೇ ಸರಕು.

ನಮ್ಮದು ಸೋಲಾಪುರ ರಸ್ತೆ ಕಡೆಯ ಬಡಾವಣೆ. ಎರಡು ನೀರು. ಒಂದು ನಳದ್ದು, ಅಂದರೆ ಕೊಲ್ಹಾರದ ಕಡೆಯಿಂದ ಬರುವ ಕೃಷ್ಣೆ. ಮನೆಯಲ್ಲಿ ಎಲ್ಲರೂ ‘ಹೊಳಿ ನೀರು’ ಅನ್ನುತ್ತಾರೆ. ಇನ್ನೊಂದು ಬೋರಿನದು, ಸವಳು. ಪೆನ್ನು ಬಂದ ದಿನವೇ ಎರಡಕ್ಕೂ ಅದ್ದಿದೆವು. ನಳದ ನೀರು 240ರ ಆಸುಪಾಸು ನಿಂತಿತು, ಬೋರು 1,380. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ನೆಲವೇ ಅಂಥದ್ದು: ಮೇಲೆ ಎರೆಮಣ್ಣು, ಕೆಳಗೆ ಕರಿಕಲ್ಲು, ಕಡಿಮೆ ಮಳೆ. ಬಂಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ಕೂತ ನೀರು ಕಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಎಲ್ಲವನ್ನೂ ಕರಗಿಸಿಕೊಳ್ಳುತ್ತದೆ. ಹರಿಯುವ ನೀರೆಂದರೆ ಸಿಹಿಯೇ ಅನ್ನುವಂತೆಯೂ ಇಲ್ಲ, ಡೋಣಿ ಹೊಳೆಯ ನೀರು ಸವಳೆಂದು ಜಿಲ್ಲೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಟಿಡಿಎಸ್ ಅಂದರೆ ಒಂದು ಲೀಟರ್ ನೀರಿನಲ್ಲಿ ಕರಗಿರುವ ವಸ್ತುಗಳು ಎಷ್ಟು ಮಿಲಿಗ್ರಾಂ ಎಂಬ ಲೆಕ್ಕ. ಪಿಪಿಎಂ ಅಂದರೂ ಅದೇ. ಕರಗಿದ್ದು ಬೇರೆ, ತೇಲುವ ಕೆಸರು ಬೇರೆ. ಆದಿಲ್‌ಶಾಹಿ ಕಾಲದಲ್ಲಿ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ನೀರು ತರುವಾಗ ದಾರಿಯುದ್ದಕ್ಕೂ ಕಟ್ಟಿದ ಗೋಪುರಗಳು ಇನ್ನೂ ಅಲ್ಲಲ್ಲಿ ನಿಂತಿವೆ. ನೀರಿನ ಒತ್ತಡ ಇಳಿಸುವುದು, ಕೆಸರನ್ನು ತಳಕ್ಕೆ ಕೂರಿಸುವುದು ಅವುಗಳ ಕೆಲಸ. ಕೆಸರು ಹಾಗೆ ಕೂರುತ್ತದೆ. ಉಪ್ಪು ಕೂರುವುದಿಲ್ಲ. ಬಟ್ಟೆಯಲ್ಲಿ ಸೋಸಿದರೂ, ಪಟಿಕ ತಿರುವಿದರೂ, ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ, ಯುವಿ ದೀಪ ತೋರಿಸಿದರೂ ಪೆನ್ನಿನ ಅಂಕಿ ಹೇಳಿಕೊಳ್ಳುವಷ್ಟು ಕದಲುವುದಿಲ್ಲ. ಕುದಿಸಿದರೆ ಮಾತ್ರ ಒಂದು ತಮಾಷೆ ನಡೆಯುತ್ತದೆ. ಬೋರಿನ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಮೇಲಿನದನ್ನು ಮಾತ್ರ ಬಗ್ಗಿಸಿ ನೋಡಿದರೆ ಅಂಕಿ ಇನ್ನೂರರಷ್ಟು ಇಳಿದಿತ್ತು. ಆ ಇನ್ನೂರು ಪಾತ್ರೆಯ ಗೋಡೆಗೆ ಬಿಳಿ ಸುಣ್ಣವಾಗಿ ಅಂಟಿತ್ತು. ಉಳಿದ ಉಪ್ಪು ಕುದಿತಕ್ಕೆ ಹೆದರುವಂಥದ್ದಲ್ಲ.

ಈಗ ಪೆನ್ನಿನ ವಿಷಯ. ತುದಿಯಲ್ಲಿರುವ ಎರಡು ಮುಳ್ಳುಗಳ ನಡುವೆ ಅದು ಸಣ್ಣ ಕರೆಂಟ್ ಹಾಯಿಸಿ, ನೀರು ಎಷ್ಟು ಸಲೀಸಾಗಿ ಬಿಡುತ್ತದೆ ಎಂದು ನೋಡುತ್ತದೆ. ಆ ವಾಹಕತೆಯನ್ನು 0.5ರಿಂದ 0.7ರೊಳಗಿನ ಒಂದು ಸಂಖ್ಯೆಯಿಂದ ಗುಣಿಸಿ ‘ಟಿಡಿಎಸ್’ ಎಂದು ತೋರಿಸುತ್ತದೆ. ಅಂದರೆ ತೂಕ ಮಾಡಿದ್ದಲ್ಲ, ಅಂದಾಜು. ಎರಡು ಕಂಪನಿಯ ಪೆನ್ನುಗಳು ಒಂದೇ ಲೋಟದಲ್ಲಿ ಬೇರೆ ಬೇರೆ ಅಂಕಿ ತೋರಿಸಿದರೆ ಜಗಳಕ್ಕೆ ನಿಲ್ಲಬೇಡಿ, ಗುಣಕ ಬೇರೆ ಇರುತ್ತದೆ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಒಂದು ಲೋಟ ಆರ್‌ಒ ನೀರಿಗೆ ಎರಡು ಚಮಚ ಸಕ್ಕರೆ ಹಾಕಿ ಕದಡಿ ಪೆನ್ನು ಅದ್ದಿ: ಪಾನಕ ಆಗಿರುತ್ತದೆ, ಅಂಕಿ ಅಲ್ಲೇ ಇರುತ್ತದೆ. ಇನ್ನೊಂದು ಲೋಟಕ್ಕೆ ಚಿಟಿಕೆ ಉಪ್ಪು ಹಾಕಿ: ಸಾವಿರ ದಾಟುತ್ತದೆ. ಸಕ್ಕರೆ ಕರಗಿದರೂ ಕರೆಂಟ್ ಒಯ್ಯುವುದಿಲ್ಲ, ಹಾಗಾಗಿ ಪೆನ್ನಿಗೆ ಅದು ಇಲ್ಲವೇ ಇಲ್ಲ. ಕ್ರಿಮಿಯೂ ಇಲ್ಲ, ಕೀಟನಾಶಕವೂ ಇಲ್ಲ. ಚರಂಡಿ ನೀರು ಸೇರಿದ ನಳ 250 ತೋರಿಸಬಹುದು, ಕ್ಲೋರಿನ್ ಹಾಕಿದ ಶುದ್ಧ ಹೊಳಿ ನೀರೂ 250 ತೋರಿಸಬಹುದು. ಯಾವುದನ್ನು ಕುಡಿಯಬೇಕೆಂದು ಪೆನ್ನು ಹೇಳಲಾರದು.

ಫ್ಲೋರೈಡ್ ವಿಷಯದಲ್ಲಿ ಇದು ಇನ್ನೂ ನಾಜೂಕು. ಬಾಗಲಕೋಟೆ ಜಿಲ್ಲೆಯ ಹುನಗುಂದದ ಕಡೆ ನಮ್ಮ ಬೀಗರ ಮನೆಯಿದೆ. ಅಲ್ಲಿ ಬೋರಿನ ಫ್ಲೋರೈಡಿನದ್ದೇ ಚಿಂತೆ. ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5. ಒಟ್ಟು 700 ತೋರಿಸುವ ನೀರಿನಲ್ಲಿ ಫ್ಲೋರೈಡ್ ಒಂದೇ ಇದೆಯೋ ಮೂರಿದೆಯೋ, ಪೆನ್ನಿನ ಅಂಕಿಯಲ್ಲಿ ಎದ್ದು ಕಾಣುವುದಿಲ್ಲ. ಹಲ್ಲಿನ ಮೇಲೆ, ಆಮೇಲೆ ಎಲುಬಿನ ಮೇಲೆ ಕಾಣುತ್ತದೆ. ನೈಟ್ರೇಟೂ ಹಾಗೇ, 45ರ ಮೇಲೆ ಹೋಗಬಾರದು, ಅದಕ್ಕೆ ಸಡಿಲಿಕೆಯೇ ಇಲ್ಲ. ಇವುಗಳಿಗೆ ನೀರನ್ನು ಪ್ರಯೋಗಾಲಯಕ್ಕೇ ಕೊಡಬೇಕು. ಕುಡಿಯುವ ಬೋರಾದರೆ ಮಷಿನ್ ಕೊಳ್ಳುವುದಕ್ಕೂ ಮೊದಲು ಒಮ್ಮೆ ಕೊಡಿ.

ಹಾಗಾದರೆ ಎಷ್ಟಿರಬೇಕು? ಭಾರತೀಯ ಮಾನಕ ಐಎಸ್ 10500 ಹೇಳುವುದು 500. ಬೇರೆ ಮೂಲ ಇಲ್ಲದ ಕಡೆ 2,000ದವರೆಗೆ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಟಿಡಿಎಸ್‌ಗೆ ಆರೋಗ್ಯದ ಮಿತಿ ಅಂತ ಇಟ್ಟೇ ಇಲ್ಲ, ರುಚಿಯ ಮಾತಾಡುತ್ತದೆ: 300ರ ಒಳಗೆ ಬಲು ಚೆನ್ನ, 600ರವರೆಗೆ ಚೆನ್ನ, 900ರವರೆಗೆ ಪರವಾಗಿಲ್ಲ, 1,200 ದಾಟಿದರೆ ಬಾಯಿಗೆ ಹತ್ತುವುದಿಲ್ಲ. ತೀರಾ ಕಡಿಮೆಯಾದರೂ ಸಪ್ಪೆಯಾಗುತ್ತದೆ ಎಂದು ಅದೇ ಹೇಳುತ್ತದೆ. ನಮ್ಮ ಅವ್ವನ ಅಳತೆ ಇದ್ಯಾವುದೂ ಅಲ್ಲ. “ಬೋರಿನ ನೀರಾಗ ಬ್ಯಾಳಿ ಬೇಯಂಗಿಲ್ಲ, ಹೊಳಿ ನೀರಾಗ ಎರಡ ಸೀಟಿಗೆ ಬೆಣ್ಣಿ ಆಕ್ಕೈತಿ.” ಸರಿಯಾದ ಮಾತು. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ ಹಿಡಿದುಕೊಂಡು ಕಾಳನ್ನು ಬಿಗಿ ಮಾಡುತ್ತದೆ. ಆದರೆ ಅದು ಗಡಸುತನದ ಪರೀಕ್ಷೆ, ಒಟ್ಟು ಟಿಡಿಎಸ್‌ನದಲ್ಲ. ಬರೀ ಅಡಿಗೆ ಉಪ್ಪಿನಿಂದಲೇ 1,000 ಆದ ನೀರಿನಲ್ಲಿ ಬೇಳೆ ಬೇಯುತ್ತದೆ.

ಆರ್‌ಒ ಮಾರುವವರು ಮಾತ್ರ ಈ ಅಂಕಿಯನ್ನು ಹೆದರಿಸಲಿಕ್ಕೇ ಇಟ್ಟುಕೊಂಡಂತಿದೆ. ಮನೆಮನೆಗೆ ಬರುವ ಒಬ್ಬ ಮಾರಾಟದ ಹುಡುಗ ನಮ್ಮಲ್ಲಿಗೂ ಬಂದಿದ್ದ. ಹಳೆಯದನ್ನು ಕೊಟ್ಟು ಹೊಸದು ತಗೊಳ್ಳಿ ಅನ್ನುವ ವ್ಯಾಪಾರ. ಚೀಲದಿಂದ ನಾಲ್ಕು ಸರಳಿನ ಒಂದು ಸಾಧನ ತೆಗೆದ, ಪ್ರತಿ ಲೋಟಕ್ಕೆ ಕಬ್ಬಿಣದ್ದೊಂದು, ಅಲ್ಯೂಮಿನಿಯಂನದ್ದೊಂದು. ಒಂದು ಲೋಟ ನಳದ ನೀರು, ಇನ್ನೊಂದು ಅವನೇ ತಂದ ಬಾಟಲಿಯ ಆರ್‌ಒ ನೀರು. ಸ್ವಿಚ್ ಹಾಕಿದ. ಸ್ವಲ್ಪ ಹೊತ್ತಿಗೆ ನಳದ ನೀರಿನ ಲೋಟದಲ್ಲಿ ಹಸಿರು ಮಿಶ್ರಿತ ಕಂದು ಗಸಿ ಎದ್ದಿತು, ಮೇಲೆ ನೊರೆ. ಅವನ ಲೋಟ ತಿಳಿಯಾಗಿಯೇ ಇತ್ತು. “ಅಮ್ಮಾರ, ನೋಡ್ರಿ, ದಿನಾ ಇದನ್ನ ಕುಡ್ಯಾಕತ್ತೀರಿ” ಅಂದ. ಅವ್ವ ಗಾಬರಿಯಾಗಿ ನನ್ನ ಮುಖ ನೋಡಿದರು. ನಾನು ಅವನ ತಿಳಿ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ, ಈಗ ಸ್ವಿಚ್ ಹಾಕಪ್ಪ ಅಂದೆ. ನಳದ ನೀರಿಗಿಂತ ಬೇಗ, ನಳದ ನೀರಿಗಿಂತ ಕಪ್ಪಾಗಿ ಗಸಿ ಬಂತು. ಆ ಗಸಿ ನೀರಿನಲ್ಲಿ ಇದ್ದದ್ದಲ್ಲ, ಸರಳಿನ ಕಬ್ಬಿಣ ಕರಗಿ ಬಂದದ್ದು. ಖನಿಜವಿದ್ದ ನೀರು ಕರೆಂಟ್ ಬಿಡುತ್ತದೆ, ಸರಳು ಕರಗುತ್ತದೆ. ಖನಿಜ ತೆಗೆದ ನೀರು ಕರೆಂಟ್ ಬಿಡುವುದಿಲ್ಲ, ಸರಳು ಹಾಗೇ ಉಳಿಯುತ್ತದೆ. ಅಷ್ಟೇ ಇಂದ್ರಜಾಲ. ಹುಡುಗ ಪಾಪ, ಅವನಿಗೆ ಕಲಿಸಿ ಕಳಿಸಿದ್ದೇ ಅದು. ಚಹಾ ಕುಡಿದು ಹೋದ.

ಅಸಲಿಗೆ 240ರ ನೀರಿಗೆ ಆರ್‌ಒ ಬೇಕಾಗಿಲ್ಲ. 2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ 500ಕ್ಕಿಂತ ಕಡಿಮೆ ಟಿಡಿಎಸ್ ಇರುವ ನೀರಿಗೆ ಆರ್‌ಒ ಬಳಕೆ ನಿಷೇಧಿಸುವಂತೆ ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು. ಕಾರಣ ಪೋಲು. ನಮ್ಮ ಮಷಿನ್ ಒಂದು ಲೀಟರ್ ಒಳ್ಳೆಯ ನೀರು ಕೊಡಲು ಎರಡು ಲೀಟರಿಗಿಂತ ಹೆಚ್ಚು ಹೊರಗೆ ಬಿಡುತ್ತದೆ. ನಳಕ್ಕಾಗಿ ದಾರಿ ಕಾಯುವ ಊರಲ್ಲಿ ಇದು ಸಣ್ಣ ಮಾತಲ್ಲ. ಹೊರಬಿದ್ದ ನೀರನ್ನು ಗಿಡಕ್ಕೆ ಹಾಕಿ ಅನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಅದಕ್ಕೂ ಪೆನ್ನು ಅದ್ದಿ ನೋಡಿ. ಬೋರಿನ ನೀರು ಓಡಿಸಿದಾಗ ನಮ್ಮಲ್ಲಿ ಅದು 2,000ದ ಹತ್ತಿರ ಇರುತ್ತದೆ. ತುಳಸಿಯ ಎಲೆಯಂಚು ಸುಟ್ಟಂತೆ ಕಂದಾಯಿತು. ಈಗ ಅದು ನೆಲ ಒರೆಸುವುದಕ್ಕೆ, ಪಾಯಖಾನೆಗೆ.

ಹಾಗಂತ ಮಷಿನ್ ದಂಡ ಅನ್ನುವುದಿಲ್ಲ. ಬೇಸಿಗೆಯಲ್ಲಿ ನಳ ತಪ್ಪಿದಾಗ ಬೋರೇ ಗತಿ, ಆಗ ಆರ್‌ಒ ಇಲ್ಲದಿದ್ದರೆ ದಿನಾ ಕೊಡ ಹಿಡಿದು ಶುದ್ಧ ನೀರಿನ ಘಟಕದ ಮುಂದೆ ನಿಲ್ಲಬೇಕು. ನಳ ಬರುವ ದಿನಗಳಲ್ಲಿ ಕುದಿಸಿ ಆರಿಸಿ ಕುಡಿಯುತ್ತೇವೆ, ಆರ್‌ಒ ಬಂದ್. ತುಂಬಾ ದಿನ ಬಂದ್ ಇಟ್ಟು ಮತ್ತೆ ಶುರು ಮಾಡುವಾಗ ಟ್ಯಾಂಕ್ ತೊಳೆದು ಮೊದಲ ಸುತ್ತಿನ ನೀರು ಚೆಲ್ಲಬೇಕು, ಅದೊಂದು ಕಿರಿಕಿರಿ.

ಪೆನ್ನು ನಿಜವಾಗಿ ದುಡ್ಡು ಉಳಿಸಿದ್ದು ಮೆಂಬ್ರೇನ್, ಅಂದರೆ ಮಷಿನ್ನಿನೊಳಗೆ ಉಪ್ಪು ತಡೆಯುವ ಪೊರೆಯ ವಿಷಯದಲ್ಲಿ. ಒಳಗೆ ಹೋಗುವ ನೀರು 1,380, ಹೊರಗೆ ಬರುವುದು 60 ಅಂದರೆ ಶೇ 95ಕ್ಕೂ ಹೆಚ್ಚು ಉಪ್ಪು ತಡೆಯಿತು ಎಂದರ್ಥ. ಈ ಲೆಕ್ಕ ಶೇ 80-85ಕ್ಕೆ ಇಳಿದಾಗ ಮೆಂಬ್ರೇನ್ ಬದಲಿಸುವ ಕಾಲ. ಒಮ್ಮೆ ಸರ್ವಿಸಿಗೆ ಬಂದವನು 170 ತೋರಿಸಿ “ಅಣ್ಣಾರ, ಮೆಂಬ್ರೇನ್ ಹೋಗೇತ್ರಿ” ಅಂದ. ಹೋಗಿರಲಿಲ್ಲ. ಮಷಿನ್ನಿನ ಒಳಗೆ ಟಿಡಿಎಸ್ ಅಡ್ಜಸ್ಟರ್ ಎಂಬ ಸಣ್ಣ ತಿರುಪು ಇರುತ್ತದೆ, ಅದು ಮೆಂಬ್ರೇನ್ ದಾಟದ ನೀರನ್ನು ಒಂದಿಷ್ಟು ಬೆರೆಸುತ್ತದೆ. ಅದನ್ನು ಪೂರ್ತಿ ಮುಚ್ಚಿಸಿ ಅಳೆಸಿದರೆ 70. ಇನ್ನೊಂದು: ರಾತ್ರಿಯಿಡೀ ನಿಂತ ಮಷಿನ್ನಿನಿಂದ ಬೆಳಗ್ಗೆ ಬರುವ ಮೊದಲ ಲೋಟ ಯಾವಾಗಲೂ ಹೆಚ್ಚು ತೋರಿಸುತ್ತದೆ, ಒತ್ತಡ ಇಲ್ಲದಾಗ ಉಪ್ಪು ಮೆಲ್ಲಗೆ ಪೊರೆ ದಾಟಿರುತ್ತದೆ. ಸ್ವಲ್ಪ ಹೊತ್ತು ಓಡಿದ ಮೇಲಿನ ಅಂಕಿಯೇ ಲೆಕ್ಕ.

ಈ ತಿರುಪನ್ನು ನಾವು 150ರ ಹತ್ತಿರ ಇಡಿಸಿದ್ದೇವೆ, ರುಚಿಗೆ. ಸರ್ವಿಸಿನವರಿಗೆ 30-40 ತೋರಿಸುವ ಚಟ. ಅಂಥ ನೀರಿನ ಚಹಾವೂ ಸಪ್ಪೆ. ಖನಿಜ ಹೋಯಿತು ಅಂತ ಎದೆ ಬಡಿದುಕೊಳ್ಳಬೇಕಿಲ್ಲ, ರೊಟ್ಟಿ, ಮೊಸರು, ಎಳ್ಳಿನ ಹಿಂಡಿ ತಿನ್ನುವವರಿಗೆ ಅವು ಬಹುಪಾಲು ತಟ್ಟೆಯಿಂದಲೇ ಬರುತ್ತವೆ. ಆದರೆ ಬೋರಿನಲ್ಲಿ ಫ್ಲೋರೈಡ್ ಅಥವಾ ನೈಟ್ರೇಟ್ ಇದೆ ಎಂದು ವರದಿ ಬಂದವರು ಆ ತಿರುಪು ಮುಟ್ಟಬೇಡಿ, ಮುಚ್ಚಿಯೇ ಇರಲಿ. ಬೆರೆಯುವ ನೀರಿನ ಜೊತೆ ಅದೂ ಬೆರೆಯುತ್ತದೆ. ನಮ್ಮ ಬೋರಿನ ವರದಿಯಲ್ಲಿ ಅವೆರಡೂ ಮಿತಿಯೊಳಗೆ ಇದ್ದವು, ಅದಕ್ಕೇ ತಿರುಗಿಸಿದ್ದು.

ಪೆನ್ನಿನ ಕುಂದುಗಳನ್ನೂ ಹೇಳಬೇಕು. ದೊಡ್ಡದು, 999 ದಾಟಿದ ಮೇಲೆ ಅದು ಕೊನೆಯ ಅಂಕಿ ನುಂಗಿ ಮೂಲೆಯಲ್ಲಿ ×10 ಎಂದು ಮಿಣುಕಿಸುತ್ತದೆ. ಮಗ್ಗಲ ಮನೆಯ ಕಾಕಾ ತಮ್ಮ ಬೋರಿಗೆ ಅದ್ದಿ, ಕನ್ನಡಕ ಇಲ್ಲದೆ ಓದಿ, “ನೂರಾ ನಲವತ್ತೆರಡ ಐತಿ ಬಿಡ, ನಮ್ಮ ಬೋರ ಅಮೃತ” ಎಂದು ಓಣಿಗೆಲ್ಲ ಹೇಳಿಬಂದರು. ಅದು 1,420. ಎರಡನೆಯದು, ಸವಳು ನೀರಿನಲ್ಲಿ ಬಳಸಿ ಒರೆಸದೆ ಇಟ್ಟರೆ ಮುಳ್ಳಿನ ಮೇಲೆ ಬಿಳಿ ಪೊರೆ ಕಟ್ಟಿ ಅಂಕಿ ತಪ್ಪುತ್ತದೆ. ನಿಂಬೆರಸದಲ್ಲಿ ಸ್ವಲ್ಪ ಹೊತ್ತು ಅದ್ದಿ ಆರ್‌ಒ ನೀರಿನಲ್ಲಿ ತೊಳೆದರೆ ಸರಿಹೋಗುತ್ತದೆ. ಸವಳಿನಿಂದ ತೆಗೆದು ನೇರ ಸಿಹಿ ನೀರಿಗೆ ಅದ್ದಿದರೂ ಹನಿ ಅಂಟಿಕೊಂಡು ಸುಳ್ಳು ಹೇಳುತ್ತದೆ. ಅದ್ದಿದ ಮೇಲೆ ಒಮ್ಮೆ ಅಲುಗಿಸಿ, ಮುಳ್ಳಿಗೆ ಹತ್ತಿದ ಗಾಳಿಗುಳ್ಳೆ ಬಿಡಿಸಿ.

ಕೊಳ್ಳುವವರಿಗೆ: ಉಷ್ಣತೆಗೆ ತಕ್ಕಂತೆ ತಾನೇ ಸರಿಪಡಿಸಿಕೊಳ್ಳುವ ಸೌಲಭ್ಯ ಇರುವುದನ್ನೇ ತಗೊಳ್ಳಿ. ನೀರು ಒಂದು ಡಿಗ್ರಿ ಬಿಸಿಯಾದರೆ ವಾಹಕತೆ ಸುಮಾರು ಶೇ 2ರಷ್ಟು ಏರುತ್ತದೆ, ನಮ್ಮ ಮೇ ತಿಂಗಳ ಟ್ಯಾಂಕಿನ ನೀರಿಗೆ ಅದಿಲ್ಲದೆ ಆಗದು. ಹಿಂದೆ ಸರಿಪಡಿಸುವ ಸಣ್ಣ ಸ್ಕ್ರೂ ಇರಲಿ. ಪೆನ್ನು ಹೊಂದಿಸಲೆಂದೇ ಮಾರುವ 342 ಪಿಪಿಎಂನ ದ್ರಾವಣ ಸಿಕ್ಕರೆ ವರ್ಷಕ್ಕೊಮ್ಮೆ ಹೊಂದಿಸಿಕೊಳ್ಳಬಹುದು. ಸೆಲ್ಲು ಗುಂಡಿಯಾಕಾರದ್ದು, ಗಡಿಯಾರ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. ಪೆನ್ನಿಗೆ ಐದಕ್ಕೆ ನಾಲ್ಕು ಚುಕ್ಕೆ, ಒಂದು ಕಡಿದದ್ದು ಆ ×10ಕ್ಕೆ. ಆರ್‌ಒಗೆ ಬೋರಿನ ದಿನಗಳಲ್ಲಿ ನಾಲ್ಕು, ನಳದ ದಿನಗಳಲ್ಲಿ ಒಂದು.