ಹಾಸನದಲ್ಲಿ ಫ್ರೇಮ್ ಹಾಕಿಸಿದ ‘ಪ್ರೇಮಗೀತೆ’

ಬಿ.ಎಂ. ರಸ್ತೆ ಪಕ್ಕದ ಗಲ್ಲಿಯಲ್ಲಿ ಒಂದು ಫ್ರೇಮ್ ಅಂಗಡಿ ಇದೆ. ದೇವರ ಪಟ, ಸನ್ಮಾನ ಪತ್ರ, ತೀರಿಕೊಂಡವರ ಫೋಟೋ, ಅಲ್ಲಿ ಇವೇ ಜಾಸ್ತಿ. ನಾನು ತೆಗೆದುಕೊಂಡು ಹೋಗಿದ್ದು ಇಟಲಿಯ ಚಿತ್ರಕಾರ ಜಾರ್ಜೊ ಡಿ ಕಿರಿಕೊ 1914ರಲ್ಲಿ ಬರೆದ ‘ಪ್ರೇಮಗೀತೆ’ ಎಂಬ ಚಿತ್ರದ ಪೋಸ್ಟರ್. ಮೂಲ ಚಿತ್ರ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಪೋಸ್ಟರ್ ಭಾವ ಅಲ್ಲಿಂದ ತಂದುಕೊಟ್ಟಿದ್ದು. ಅಂಗಡಿಗೆ ಐದರಲ್ಲಿ ನಾಲ್ಕು ಸ್ಟಾರ್.

ಚಿತ್ರದಲ್ಲಿ ಗ್ರೀಕ್ ದೇವರು ಅಪೊಲೋನ ಬಿಳಿ ತಲೆ ಇದೆ. ಪಕ್ಕದಲ್ಲೇ ಮೊಳೆಗೆ ನೇತುಬಿದ್ದ ಕೆಂಪಗಿನ ರಬ್ಬರ್ ಗ್ಲೌಸ್. ಕೆಳಗೆ ಹಸಿರು ಚೆಂಡು. ಬಲಕ್ಕೆ ಕಮಾನುಗಳ ಕಟ್ಟಡ, ಎಡಕ್ಕೆ ಗೋಡೆಯಾಚೆ ಹೊಗೆ ಬಿಡುವ ರೈಲು. ನರಪಿಳ್ಳೆಯೂ ಇಲ್ಲ.

“ಗ್ಲೌಸಿಗೆ ಯಾಕೆ ಸಾರ್ ಮೊಳೆ ಹೊಡೆದಿದ್ದಾರೆ?” ಅಂತ ಅಂಗಡಿಯವರು ಕೇಳಿದರು. ಗೊತ್ತಿಲ್ಲ ಅಂದೆ. ಸಂಬಂಧವಿಲ್ಲದ ವಸ್ತುಗಳನ್ನು ಕನಸಿನ ಹಾಗೆ ಒಟ್ಟಿಗೆ ಇಡುವ ಇಂಥ ‘ಮೆಟಾಫಿಸಿಕಲ್’ ಚಿತ್ರಗಳ ಮಜಾನೇ ಅದು ಅಲ್ವಾ? ಚೆಂಡು ಚೆಂಡೇ, ಗ್ಲೌಸ್ ಗ್ಲೌಸೇ. ಎಲ್ಲ ಒಟ್ಟಿಗೆ ಬಂದಾಗ ಮಾತ್ರ ತಲೆಬುಡ ತಿಳಿಯುವುದಿಲ್ಲ.

ಅವರು ಮೌಂಟ್ ಬೋರ್ಡ್ (ಚಿತ್ರದ ಸುತ್ತ ಇಡುವ ರಟ್ಟಿನ ಚೌಕಟ್ಟು) ಇಟ್ಟು ಸುತ್ತ ಅರ್ಧ ಇಂಚು ಮುಚ್ಚುತ್ತೇನೆ ಅಂದರು. ಬೇಡವೇ ಬೇಡ, ಎಡಗಡೆ ರೈಲಿನ ಹೊಗೆ ಹೋಗಿಬಿಡುತ್ತದೆ ಅಂದೆ. ಡಿ ಕಿರಿಕೊ ಹುಟ್ಟಿದ್ದು ಗ್ರೀಸ್‌ನ ವೋಲೋಸ್‌ನಲ್ಲಿ, ಅಪ್ಪ ರೈಲ್ವೆ ಎಂಜಿನಿಯರ್. ಅವರ ಎಷ್ಟೋ ಚಿತ್ರಗಳ ಹಿಂದೆ ರೈಲು ಹೋಗುತ್ತಿರುತ್ತದೆ. ಅದನ್ನೇ ಮುಚ್ಚಿದರೆ ಹೇಗೆ? ಅಂಗಡಿಯವರು ಗೊಣಗಲಿಲ್ಲ. ಪೋಸ್ಟರಿನ ಬಿಳಿ ಅಂಚೂ ಕಾಣುವ ಹಾಗೆ ಬೋರ್ಡನ್ನು ಬೇರೆ ಅಳತೆಗೆ ಕತ್ತರಿಸಿದರು. ಕಪ್ಪು ಮರದ ಪಟ್ಟಿ, ನಾಲ್ಕೂ ಮೂಲೆಯಲ್ಲಿ ಉಗುರು ತೂರಿಸುವಷ್ಟೂ ಸಂದಿ ಇಲ್ಲ. ಈ ಕೈಕೆಲಸಕ್ಕೇ ನಾಲ್ಕು ಸ್ಟಾರ್.

ಒಂದು ಸ್ಟಾರ್ ಕಳೆದಿದ್ದು ಗಾಜಿಗೆ. ಟ್ಯೂಬ್‌ಲೈಟ್ ಹಾಕಿದರೆ ಅಪೊಲೋನ ಮೂಗಿನ ಮೇಲೆ ಬೆಳಕಿನ ಪಟ್ಟಿ ಬೀಳುತ್ತದೆ. “ಮ್ಯಾಟ್ ಗಾಜು ಮೊದಲೇ ಹೇಳಿದ್ರೆ ತರಿಸ್ತಿದ್ದೆ ಸಾರ್” ಅಂದರು. ಇಂಥದ್ದನ್ನು ಅವರೇ ಕೇಳಬೇಕಿತ್ತು. “ನಾಳೆ ಬನ್ನಿ” ಅಂತ ಸುಮ್ನೆ ಓಡಾಡಿಸಿದ್ದೂ ಇದೆ.

ಬರೀ ಪೋಸ್ಟರಿಗೆ ಇಷ್ಟು ಖರ್ಚಾ ಅಂದಳು ಹೆಂಡತಿ. ಬೆಲ್ಜಿಯಂನ ಚಿತ್ರಕಾರ ಮಾಗ್ರಿತ್ ಇದರ ಅಚ್ಚಾದ ಪ್ರತಿ ನೋಡಿಯೇ ಕಣ್ಣೀರು ಹಾಕಿದ್ದರು ಅಂದೆ. “ಹಾಕ್ಲಿ ಬಿಡಿ. ಹಾಲ್‌ನಲ್ಲಿ ಮಾತ್ರ ಬೇಡ, ಬಂದೋರು ಮನೇಲಿ ಯಾರು ಡಾಕ್ಟ್ರು ಅಂತ ಕೇಳ್ತಾರೆ” ಅಂದಳು. ಈಗ ನನ್ನ ಓದುವ ಕೋಣೆಯಲ್ಲಿದೆ.

ಹೋಗುವವರು ಯಾವ ಗಾಜು ಅಂತ ಆರ್ಡರ್ ಕೊಡುವಾಗಲೇ ಹೇಳಿ. ಬೆಳಗ್ಗೆ ಹೋದರೆ ಒಳ್ಳೆಯದು, ಸಂಜೆ ಅಲ್ಲಿ ಗಾಡಿ ನಿಲ್ಲಿಸೋಕೂ ಜಾಗ ಸಿಗುವುದಿಲ್ಲ.