ಬ್ಲ್ಯಾಕ್, ರಫ್: ಐದು ವರ್ಷ ಬಳಸಿದ ಮೇಲೆ

ನಮ್ಮ ಟೀಮಿನಲ್ಲಿ ಎಂಟು ಜನ. ಪೈಥಾನ್, ಅದರಲ್ಲಿ ವೆಬ್‌ಸೈಟ್ ಕಟ್ಟುವ ಜ್ಯಾಂಗೋ, ಇದೇ ಕೆಲಸ. ಕೋಡ್ ಫಾರ್ಮ್ಯಾಟ್ ಮಾಡಲು, ಅಂದರೆ ಜಾಗ, ಕೋಟ್, ಸಾಲಿನ ಉದ್ದ ಎಲ್ಲ ಒಂದೇ ಥರ ಮಾಡಲು, 2020ರಲ್ಲಿ ಬ್ಲ್ಯಾಕ್ ಹಾಕಿಕೊಂಡೆವು, 2024ರಲ್ಲಿ ರಫ್‌ಗೆ ಬಂದೆವು. ಎರಡೂ ಓಪನ್ ಸೋರ್ಸ್, ದುಡ್ಡು ಕೊಡಬೇಕಾಗಿಲ್ಲ.

ಮೊದಲು ಹೇಗಿತ್ತು ಅಂತ ಹೇಳಿಬಿಡುತ್ತೇನೆ. ಕಾಲೇಜು ಮುಗಿಸಿ ಬಂದ ಹುಡುಗಿಯೊಬ್ಬಳು ಮೊದಲ ಪುಲ್ ರಿಕ್ವೆಸ್ಟ್ (ನನ್ನ ಕೋಡ್ ನೋಡಿ ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಕಳಿಸಿದ್ದಳು. ರಿವ್ಯೂ ಮಾಡಿದ್ದು ನಾನು. ಇಪ್ಪತ್ತಕ್ಕೂ ಜಾಸ್ತಿ ಕಾಮೆಂಟ್ ಬರೆದೆ. ಸಿಂಗಲ್ ಕೋಟ್ ಬೇಡ, ಕಾಮಾ ಆದ ಮೇಲೆ ಜಾಗ ಬಿಡಿ, ಈ ಸಾಲು ಉದ್ದ ಆಯ್ತು, ಹೀಗೆ. ಪಾಪ, ಅವಳು ಸಂಜೆವರೆಗೆ ಕೂತು ಎಲ್ಲ ಸರಿಮಾಡಿದಳು. ಅದೇ ಕೋಡಿನಲ್ಲಿ ಒಂದು ಫಂಕ್ಷನ್ನಿಗೆ ಖಾಲಿ ಲಿಸ್ಟ್ ಡೀಫಾಲ್ಟ್ ಆಗಿ ಕೊಟ್ಟಿತ್ತು. ಪೈಥಾನ್ ಆ ಲಿಸ್ಟನ್ನು ಒಂದೇ ಸಲ ಹುಟ್ಟಿಸಿ, ಪ್ರತಿ ಸಲ ಕರೆದಾಗಲೂ ಅದನ್ನೇ ಕೊಡುತ್ತದೆ. ಒಬ್ಬರ ಕಾರ್ಟಿನ ಸಾಮಾನು ಇನ್ನೊಬ್ಬರ ಕಾರ್ಟಿನಲ್ಲಿ ಕಾಣಿಸಿದ ಮೇಲೇ ನಮಗೆ ಗೊತ್ತಾಗಿದ್ದು. ಕಾಮಾ ಎಣಿಸುತ್ತಿದ್ದ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. ಇವತ್ತಿಗೂ ಬೇಜಾರಿದೆ.

ಬ್ಲ್ಯಾಕ್ ಬಂದ ಮೇಲೆ ಆ ಜಾತಿಯ ಕಾಮೆಂಟ್ ನಿಂತೇ ಹೋಯಿತು. ಪೈಥಾನ್ ಬರೆಯುವ ಶೈಲಿಯ ಅಧಿಕೃತ ಮಾರ್ಗದರ್ಶಿ ಪೆಪ್ 8 ಒಂದು ಸಾಲಿಗೆ 79 ಅಕ್ಷರ ಎನ್ನುತ್ತದೆ, ಬ್ಲ್ಯಾಕ್ 88 ಎನ್ನುತ್ತದೆ. ನನಗೆ ಎರಡೂ ಸರಿ. ಆದರೆ ಬದಲಾಯಿಸಲು ಸೆಟ್ಟಿಂಗ್ ತೀರಾ ಕಮ್ಮಿ ಇರುವುದರಿಂದ ವಾದಕ್ಕೆ ಜಾಗವೇ ಉಳಿಯುವುದಿಲ್ಲ. ಮೊದಲೆರಡು ವಾರ ನನ್ನ ಕೋಡ್ ನನ್ನದಲ್ಲ ಅನ್ನಿಸಿತ್ತು, ಆಮೇಲೆ ಅಭ್ಯಾಸವಾಯಿತು.

ಹಳೇ ಪ್ರಾಜೆಕ್ಟ್ ಇರುವವರು ಒಂದು ವಿಷಯ ಗಮನಿಸಿ. ಇಡೀ ಕೋಡನ್ನು ಒಂದೇ ಸಲ ಫಾರ್ಮ್ಯಾಟ್ ಮಾಡಿದರೆ, ಯಾವ ಸಾಲು ಯಾರು ಬದಲಿಸಿದರು ಅಂತ ತೋರಿಸುವ ಗಿಟ್ ಬ್ಲೇಮ್‌ನಲ್ಲಿ ಬಹಳಷ್ಟು ಸಾಲು ನಿಮ್ಮ ಹೆಸರಿಗೆ ಬರುತ್ತದೆ. ಆ ಕಮಿಟ್ (ಗಿಟ್‌ನಲ್ಲಿ ಉಳಿಸಿದ ಬದಲಾವಣೆ) ಒಂದನ್ನೇ ಬೇರೆ ಇಟ್ಟು, ಅದರ ನಂಬರನ್ನು ಒಂದು ಫೈಲಿನಲ್ಲಿ ಬರೆದಿಡಿ. ಗಿಟ್ 2.23ರಿಂದ ಈಚೆಗೆ, ಆ ಫೈಲನ್ನು ತೋರಿಸಿಕೊಟ್ಟರೆ, ಬ್ಲೇಮ್ ಅಂಥ ಕಮಿಟ್‌ಗಳನ್ನು ದಾಟಿ ಹಿಂದಿನದನ್ನು ತೋರಿಸಬಲ್ಲದು. ಬೇರೆ ಯಾವ ಪುಲ್ ರಿಕ್ವೆಸ್ಟೂ ಬಾಕಿ ಇಲ್ಲದ ದಿನ ನೋಡಿ ಮಾಡಿ, ಇಲ್ಲದಿದ್ದರೆ ಮರ್ಜ್ ಮಾಡುವಾಗ ಸಾಕುಬೇಕಾಗುತ್ತದೆ.

ರಫ್ ರಸ್ಟ್ ಭಾಷೆಯಲ್ಲಿ ಬರೆದದ್ದು, ವೇಗ ಜೋರು. ಮೊದಲು ತಪ್ಪು ಹುಡುಕಲು ಫ್ಲೇಕ್8, ಇಂಪೋರ್ಟ್ ಸಾಲುಗಳನ್ನು ಜೋಡಿಸಲು ಐಸಾರ್ಟ್, ಫಾರ್ಮ್ಯಾಟಿಗೆ ಬ್ಲ್ಯಾಕ್ ಅಂತ ಮೂರು ಓಡಿಸುತ್ತಿದ್ದೆವು, ಈಗ ಇದೊಂದೇ ಸಾಕು. ಫಾರ್ಮ್ಯಾಟ್ ಹೆಚ್ಚುಕಮ್ಮಿ ಬ್ಲ್ಯಾಕ್‌ನದೇ. ಮೇಲೆ ಹೇಳಿದ ಖಾಲಿ ಲಿಸ್ಟಿನ ತಪ್ಪನ್ನು ಬಿ006 ಅನ್ನೋ ನಿಯಮ ಹಿಡಿಯುತ್ತದೆ. ಆದರೆ ನಾವು ಹಾಕಿಕೊಂಡಾಗ ಬಿ ಗುಂಪು ತಾನಾಗಿ ಆನ್ ಆಗಿರಲಿಲ್ಲ, ನಾವೇ ಸೇರಿಸಿದೆವು. ನೀವೂ ನೋಡಿಕೊಳ್ಳಿ.

ಒಂದು ಸಲ ಏಟೂ ಬಿತ್ತು. ಜ್ಯಾಂಗೋ ಆ್ಯಪ್ ಶುರುವಾಗುವಾಗ ಸಿಗ್ನಲ್ಸ್ ಫೈಲನ್ನು (ಏನಾದರೂ ನಡೆದಾಗ ತಾನಾಗಿ ಓಡುವ ಕೋಡ್, ನಮ್ಮಲ್ಲಿ ಆರ್ಡರ್ ಮೇಲ್ ಕಳಿಸುವುದು ಇದೇ) ಇಂಪೋರ್ಟ್ ಮಾಡುತ್ತೇವಲ್ಲ, ಆ ಹೆಸರನ್ನು ಕೆಳಗೆ ಎಲ್ಲೂ ಬಳಸಿರುವುದಿಲ್ಲ. ಎಫ್401 ನಿಯಮಕ್ಕೆ ಅದು ಬೇಡದ ಇಂಪೋರ್ಟ್. ಫಿಕ್ಸ್ ಆಪ್ಷನ್ ಕೊಟ್ಟು ಓಡಿಸಿದೆವು, ಸಾಲು ಅಳಿಸಿಹೋಯಿತು. ಏನು ಅಳಿಸಿದೆ ಅಂತ ಓದದೆ ನಾವೇ ಕಮಿಟ್ ಮಾಡಿದೆವು. ಮಾರನೇ ದಿನ ಆರ್ಡರ್ ಮೇಲ್‌ಗಳು ಹೋಗುತ್ತಿರಲಿಲ್ಲ. ಈಗ ಅಂಥ ಸಾಲಿನ ಪಕ್ಕ ಬಿಟ್ಟುಬಿಡು ಅಂತ ಗುರುತು ಹಾಕಿ, ಕಾರಣವನ್ನೂ ಬರೆಯುತ್ತೇವೆ. ಕಳಿಸಿದ ಕೋಡನ್ನು ಪರೀಕ್ಷಿಸುವ ಸರ್ವರ್‌ನಲ್ಲಿ ರಫ್ ತಪ್ಪು ತೋರಿಸುತ್ತದೆ ಅಷ್ಟೇ, ತಿದ್ದುವುದು ನಮ್ಮ ನಮ್ಮ ಲ್ಯಾಪ್‌ಟಾಪಿನಲ್ಲೇ.

ವೇರಿಯಬಲ್ಲಿಗೆ ಡೇಟಾ2 ಅಂತ ಅರ್ಥವಾಗದ ಹೆಸರಿಟ್ಟರೆ ರಫ್ ಸುಮ್ನೆ ಇರುತ್ತದೆ. ಅದನ್ನು ಕೇಳಬೇಕಾದವರು ನಾವೇ, ಕೇಳಲು ಈಗ ಪುರುಸೊತ್ತೂ ಇದೆ. ಹೋದ ತಿಂಗಳು ನನ್ನ ಕೋಡನ್ನು ಅದೇ ಹುಡುಗಿ ರಿವ್ಯೂ ಮಾಡಿದಳು. ಇದ್ದದ್ದು ಒಂದೇ ಕಾಮೆಂಟ್: "ಟ್ರಾನ್ಸಾಕ್ಷನ್ ಮುಗಿಯೋ ಮುಂಚೆನೇ ಮೇಲ್ ಹೋಗ್ತಿದೆ. ರೋಲ್‌ಬ್ಯಾಕ್ ಆದ್ರೆ ಏನ್ ಮಾಡೋಣ ಸರ್?" ಇಬ್ಬರೂ ಅರ್ಧ ಗಂಟೆ ಕೂತು, ಮೇಲ್ ಕಳಿಸುವುದನ್ನು ಆನ್‌ ಕಮಿಟ್‌ಗೆ, ಅಂದರೆ ಡೇಟಾಬೇಸ್ ಬದಲಾವಣೆ ರದ್ದಾಗದೆ ಪಕ್ಕಾ ಆದ ಮೇಲೇ ಓಡುವ ಜಾಗಕ್ಕೆ, ಹಾಕಿದೆವು.