ಜಂಬೋ ಫೀಡರ್ ತಗೊಂಡು ಒಂದು ಬ್ಯಾಚ್ ಕಳ್ಕೊಂಡೆ, ನೀವು ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಬ್ರಾಯ್ಲರ್ ಸಾಕ್ತಿರೋರು, ಅದ್ರಲ್ಲೂ ಕಂಪನಿ ಕಾಂಟ್ರಾಕ್ಟಲ್ಲಿ 5,000, 6,000 ಮರಿ ಬಿಟ್ಕೊಂಡು ಮನೆಯೋರೇ ದುಡೀತಿರೋರು, ದಯವಿಟ್ಟು ಪೂರ್ತಿ ಓದಿ. ಕೋಳಿಗೆ ಮೇವು ಹಾಕೋ ಫೀಡರ್ ಮಾರೋಕೆ "100 ಕೋಳಿಗೆ ಒಂದೇ ಫೀಡರ್ ಸಾಕು ಸಾರ್" ಅಂತ ಯಾರಾದ್ರೂ ಶೆಡ್ ಹತ್ರ ಬಂದ್ರೆ ಒಂದು ಟೀ ಕುಡ್ಸಿ ಕಳಿಸ್ಬಿಡಿ. ನಾನು ಟೀನೂ ಕುಡ್ಸಿ 20,000 ರೂಪಾಯಿನೂ ಕೊಟ್ಟು ಕಳಿಸ್ದೆ. ಬರೆಯೋಕೆ ನಾಚಿಕೆ ಆಗ್ತಿದೆ, 9 ವರ್ಷದಿಂದ ಕೋಳಿ ಮಧ್ಯನೇ ಇದ್ದೀನಿ, ಹೆಸರಘಟ್ಟಕ್ಕೆ ಹೋಗಿ ತರಬೇತಿ ಬೇರೆ ತಗೊಂಡಿದ್ದೀನಿ, ಆದ್ರೂ ಮೋಸ ಹೋದೆ. ಡೀಲರ್ ಹೆಸರು ಹಾಕಲ್ಲ, ಕೇಳ್ಬೇಡಿ.

ನಮ್ದು ಮಧುಗಿರಿ ಕಡೆ. 200 ಅಡಿ ಉದ್ದ 28 ಅಡಿ ಅಗಲದ ಓಪನ್ ಶೆಡ್, 5,000 ಮರಿ ಬಿಡ್ತೀವಿ. ಮರಿ, ಫೀಡು, ಔಷಧಿ ಕಂಪನಿದು, ಶೆಡ್ಡು, ನೆಲಕ್ಕೆ ಹಾಸೋ ಭತ್ತದ ಹೊಟ್ಟು, ಕರೆಂಟು, ಕೂಲಿ ನಮ್ದು, ಫೀಡರು ಡ್ರಿಂಕರೂ ನಮ್ದೇ. ಗೊತ್ತಿರೋದೇ ಇದೆಲ್ಲ. ಇಷ್ಟು ವರ್ಷ 12 ಕೆ.ಜಿ. ಹಿಡಿಯೋ ನೇತಾಡೋ ಫೀಡರ್ (ಮೇಲೆ ಫೀಡ್ ತುಂಬೋ ಡಬ್ಬ, ಕೆಳಗೆ ಕೋಳಿ ತಿನ್ನೋ ತಟ್ಟೆ) 100 ಇದ್ವು, 50 ಕೋಳಿಗೆ ಒಂದು. ಕೆಲಸ ಜಾಸ್ತಿ, ಅದು ನಿಜ. ತಿಂಗಳ ಕೋಳಿ ಒಂದೊಂದು ದಿನಕ್ಕೆ 130, 140 ಗ್ರಾಂ ತಿನ್ನುತ್ತೆ, ಅಂದ್ರೆ ದಿನಕ್ಕೆ 13-14 ಮೂಟೆ, ಅಷ್ಟನ್ನೂ ಬಕೆಟ್ಟಲ್ಲಿ ಹೊತ್ಕೊಂಡು 100 ಫೀಡರ್‌ಗೆ ಸುರೀಬೇಕು. ನನ್ನ ಹೆಂಡತಿಗೆ ಭುಜ ನೋವು ಶುರುವಾಗಿತ್ತು. ಈ ವಿಷಯ ಡೀಲರ್‌ಗೆ ಹೆಂಗೋ ಗೊತ್ತಾಗಿದೆ, ಅಥವಾ ಎಲ್ಲಾ ಕಡೆನೂ ಇದನ್ನೇ ಹೇಳ್ತಾನೋ ಏನೋ.

ಶ್ರಾವಣದಲ್ಲಿ ಶೆಡ್ ಖಾಲಿ ಇತ್ತು, ಆಗ ಬಂದ. ಜಂಬೋ ಅಂತೆ, 25 ಕೆ.ಜಿ. ಹಿಡಿಯುತ್ತಂತೆ, ನೀಲಿ ಡಬ್ಬ ಕೆಂಪು ತಟ್ಟೆ, ನೋಡೋಕೆ ಚೆನ್ನಾಗೇ ಇದೆ. "ಸಾರ್ ನಿಮ್ದು 12 ಕೆ.ಜಿ.ದು 100, ಒಟ್ಟು 1,200 ಕೆ.ಜಿ. ನಂದು 25 ಕೆ.ಜಿ.ದು 50 ಹಾಕಿ, 1,250 ಕೆ.ಜಿ. ನಿಮಗೇ 50 ಕೆ.ಜಿ. ಲಾಭ. ಅರ್ಧ ಕೆಲಸ ಸಾರ್, ಅಕ್ಕನಿಗೂ ಆರಾಮು." ಲೆಕ್ಕ ಸರಿಯಾಗೇ ಇತ್ತು ನೋಡಿ, ಅದೇ ನನ್ನ ಕೆಡಿಸಿದ್ದು. ಒಂದಕ್ಕೆ 480, ಐವತ್ತಕ್ಕೆ 24,000, ಹಳೇ ಫೀಡರ್ ಒಂದಕ್ಕೆ 40 ಹಿಡ್ಕೊಂಡು ನೂರನ್ನೂ ಎಕ್ಸ್‌ಚೇಂಜಿಗೆ ತಗೊಂಡ, ಉಳಿದ 20,000 ಫೋನ್‌ಪೇ ಮಾಡ್ದೆ. ಬಿಲ್ ಕೇಳಿದ್ದಕ್ಕೆ ಎಸ್ಟಿಮೇಟ್ ಅಂತ ಒಂದು ಚೀಟಿ ಕೊಟ್ಟ.

ನನ್ನ ಹೆಂಡತಿ ಅವತ್ತೇ ಕೇಳಿದ್ಲು. ತಟ್ಟೆ ಕೈಯಲ್ಲಿ ಹಿಡ್ಕೊಂಡು "ರೀ, ಹೊಟ್ಟೆ ದೊಡ್ಡದಾಯ್ತು ಸರಿ, ಬಾಯಿ ದೊಡ್ಡದಾಗಿದ್ಯಾ?" ಅಂದ್ಲು. ಡೀಲರ್ ನಕ್ಕ. ನಾನೂ ನಕ್ಕೆ. "ನೀನು ಸುಮ್ನಿರು, ಅವ್ರು ದಿನಾ ಇದೇ ಕೆಲಸ ಮಾಡೋರು" ಅಂದೆ. ಈ ಮಾತು ಈಗ ನೆನೆಸ್ಕೊಂಡ್ರೆ ನನಗೆ ನಾನೇ ಹೊಡ್ಕೋಬೇಕು ಅನ್ಸುತ್ತೆ.

ಗೌರಿ ಗಣೇಶ ಆಗಿ ಎರಡು ದಿನಕ್ಕೆ ಮರಿ ಬಂತು. ಮೊದಲ ವಾರ ಟ್ರೇನಲ್ಲಿ ತಿನ್ನಿಸ್ತೀವಲ್ಲ, ಏನೂ ತೊಂದ್ರೆ ಇಲ್ಲ. ಹತ್ತು ದಿನಕ್ಕೆ ಜಂಬೋ ಇಳಿಸಿದ್ವಿ. ದಿನಕ್ಕೆ ಎರಡೇ ಸಲ ತುಂಬೋದು, ಮಧ್ಯಾಹ್ನ ನಿದ್ದೆ, ಎಂಥಾ ಸುಖ ಅಂದ್ಕೊಂಡೆ. ಹದಿನೈದು ದಿನ ದಾಟ್ತಿದ್ದಂಗೆ ಶೆಡ್ಡಿನ ಸದ್ದೇ ಬದಲಾಯ್ತು. ಸಾಕಿದೋರಿಗೆ ಗೊತ್ತಿರುತ್ತೆ, ಕೋಳಿ ನೆಮ್ಮದಿಯಾಗಿದ್ರೆ ಒಂಥರಾ ಗೊಣಗೊಣ ಸದ್ದು ಬರುತ್ತೆ. ಇದು ಹಂಗಿಲ್ಲ, ಜಗಳದ ಸದ್ದು. ಪ್ರತಿ ಫೀಡರ್ ಸುತ್ತ ಮೂರು ಸುತ್ತು ಕೋಳಿ ನಿಂತಿರ್ತಿದ್ವು.

ಡೀಲರ್‌ಗೆ ವಿಡಿಯೋ ಕಳಿಸ್ದೆ. "ಹೊಸ ಫೀಡರ್ ಅಲ್ವಾ ಸಾರ್, ಅಭ್ಯಾಸ ಆಗ್ಬೇಕು." ಸರಿ.

ಎರಡು ದಿನ ಬಿಟ್ಟು ಮತ್ತೆ ಕೇಳಿದ್ರೆ "ಹೈಟ್ ನೋಡಿ ಸಾರ್, ತಟ್ಟೆ ಅಂಚು ಕೋಳಿ ಬೆನ್ನಿನ ಮಟ್ಟಕ್ಕಿರ್ಬೇಕು." ಅಣ್ಣಾ, ಅದು ನನಗೆ ನೀನು ಹೇಳ್ಕೊಡ್ಬೇಕಾ, ಬೆನ್ನಿನ ಮಟ್ಟಕ್ಕೇ ಇದೆ ಅಂತ ಟೇಪ್ ಇಟ್ಟು ಫೋಟೋ ಕಳಿಸ್ದೆ. ಬ್ಲೂ ಟಿಕ್ ಬಂತು, ಉತ್ತರ ಬರ್ಲಿಲ್ಲ.

18ನೇ ದಿನ ರಾತ್ರಿ ಮಳೆಗೆ ಕರೆಂಟ್ ಹೋಯ್ತು, ಮೂರು ಗಂಟೆ ಬರ್ಲಿಲ್ಲ. ಕತ್ತಲಲ್ಲಿ ಕೋಳಿ ತಿನ್ನಲ್ಲ, ಕೂತ್ಕೊಂಡಿರುತ್ತೆ, ಲೈಟ್ ಬಂದ ತಕ್ಷಣ ಎಲ್ಲಾ ಒಟ್ಟಿಗೆ ಫೀಡರ್‌ಗೆ ನುಗ್ಗುತ್ತೆ. ಒಂದು ತಿನ್ನೋದು ನೋಡಿ ಇನ್ನೊಂದು ಬರೋದು ಅದರ ಗುಣ. ಹಿಂದೆನೂ ಹಿಂಗೆ ಆಗೋದು, ಹತ್ತು ಹದಿನೈದು ನಿಮಿಷಕ್ಕೆ ತಣ್ಣಗಾಗೋದು. ಆ ರಾತ್ರಿ ಮುಕ್ಕಾಲು ಗಂಟೆ ಆದ್ರೂ ನಿಲ್ಲಿಲ್ಲ. ಒಂದರ ಬೆನ್ನ ಮೇಲೆ ಒಂದು ಹತ್ತಿ, ಕೆಳಗಿರೋದು ತಲೆ ತೆಗೆಯೋಕಾಗ್ದೆ, ನಾನು ಹೆಂಡತಿ ಇಬ್ರೂ ಕೈಯಿಂದ ಬಿಡಿಸಿದ್ವಿ. ಬೆಳಗ್ಗೆ ನೋಡಿದ್ರೆ ತೊಡೆ ಮೇಲೆ ಬೆನ್ನ ಮೇಲೆ ಉಗುರು ಗೀರಿರೋ ಗಾಯ. ಆಮೇಲೆ ಅದೇ ಗಾಯ ಕೀವಾಗಿ ಎಷ್ಟೋ ಸತ್ವು.

ಇನ್ನೊಂದು ವಿಷಯ ಗೊತ್ತಾಗಿದ್ದೂ ಅವತ್ತೇ. ಡಬ್ಬ ತುಂಬಾ ಫೀಡ್ ಇದೆ, ತಟ್ಟೆ ಖಾಲಿ! ಮಳೆ ತೇವಕ್ಕೆ ಪುಡಿ ಎಲ್ಲಾ ಅಂಟ್ಕೊಂಡು ಡಬ್ಬದೊಳಗೆ ಗಟ್ಟಿಯಾಗಿ ನಿಂತಿದೆ, ಕೆಳಕ್ಕೆ ಇಳೀತಿಲ್ಲ. ಹಳೇ ಫೀಡರಲ್ಲಿ ದಿನಕ್ಕೆ ನಾಲ್ಕು ಸಲ ಹೋಗಿ ತುಂಬ್ತಿದ್ವಿ, ಪ್ರತಿ ಸಲ ಅಲ್ಲಾಡಿಸ್ತಿದ್ವಿ, ಆ ಅಲ್ಲಾಡ್ಸೋ ಸದ್ದಿಗೇ ಮಲಗಿರೋ ಕೋಳಿನೂ ಎದ್ದು ಬಂದು ನಾಲ್ಕು ಕಾಳು ತಿಂದು ಹೋಗೋದು. ಕೆಲಸ ಕಮ್ಮಿ ಆಯ್ತು ಅಂತ ಖುಷಿ ಪಟ್ಟೆನಲ್ಲ, ಕಮ್ಮಿ ಆಗಿದ್ದು ಅದು.

21ನೇ ದಿನ ಕಂಪನಿ ಸೂಪರ್‌ವೈಸರ್ ತೂಕ ಹಾಕಿದ್ರು. ನಮ್ಮ ಶೆಡ್ಡಲ್ಲಿ ಯಾವಾಗ್ಲೂ 850ರ ಮೇಲೇ ಬರೋದು, ಈ ಸಲ ಸರಾಸರಿ 740 ಗ್ರಾಂ. ಅದೂ ಸರಾಸರಿ ಅಷ್ಟೇ, ಒಂದು ಕೋಳಿ 1,050 ಇದೆ, ಪಕ್ಕದ್ದು 480 ಇದೆ. "ಏನ್ ಸಾರ್ ಇದು, ಯೂನಿಫಾರ್ಮಿಟಿನೇ ಇಲ್ಲ" ಅಂದ್ರು. ಫೀಡರ್ ತೋರಿಸ್ದೆ. "ಫೀಡರ್ ನಿಮ್ಮ ಜವಾಬ್ದಾರಿ ಸಾರ್, ಅಗ್ರಿಮೆಂಟಲ್ಲಿದೆ" ಅಂತ ಕಾರ್ಡಲ್ಲಿ ಬರ್ಕೊಂಡು ಬೈಕ್ ಹತ್ತಿದ್ರು. ಅವ್ರು ಹೇಳಿದ್ದು ಸುಳ್ಳೇನಲ್ಲ, ಆದ್ರೂ ಹೊಟ್ಟೆ ಉರೀತು.

ಡೀಲರ್‌ಗೆ ಫೋನ್ ಮಾಡಿದ್ರೆ ಈ ಸಲ "ಮರಿ ಕ್ವಾಲಿಟಿ ಇರ್ಬೇಕು ಸಾರ್, ಕಂಪನಿನ ಕೇಳಿ."

ಅವತ್ತು ಸಾಯಂಕಾಲ ಸ್ಟೂಲ್ ಹಾಕ್ಕೊಂಡು ಶೆಡ್ಡೊಳಗೆ ಕೂತೆ. ನಾಲ್ಕು ಸಣ್ಣ ಮರಿ ಹಿಡಿದು ಬೆನ್ನಿಗೆ ನೀಲಿ ಔಷಧಿ ಬಳಿದು ಬಿಟ್ಟೆ, ಎರಡು ಗಂಟೆ ಅವನ್ನೇ ನೋಡ್ದೆ. 9 ವರ್ಷದಲ್ಲಿ ಕೋಳಿ ಹೆಂಗೆ ತಿನ್ನುತ್ತೆ ಅಂತ ಕೂತು ನೋಡಿದ್ದು ಅದೇ ಮೊದಲು ಅನ್ಸುತ್ತೆ. ಬ್ರಾಯ್ಲರ್ ಒಂದೇ ಸಲ ಹೊಟ್ಟೆ ತುಂಬಾ ತಿನ್ನೋ ಪ್ರಾಣಿ ಅಲ್ಲ, ಬರುತ್ತೆ, ಸ್ವಲ್ಪ ಹೊತ್ತು ತಿನ್ನುತ್ತೆ, ನೀರಿಗೆ ಹೋಗುತ್ತೆ, ಕೂರುತ್ತೆ, ಮತ್ತೆ ಬರುತ್ತೆ. ಜಾಗ ಇದ್ದಾಗ ಈ ಓಡಾಟ ಹಂಗೇ ನಡೀತಿರುತ್ತೆ, ನಮ್ಮ ಕಣ್ಣಿಗೂ ಬೀಳಲ್ಲ. ಇಲ್ಲಿ ಜಾಗ ಸಿಕ್ಕಿದ ಕೋಳಿ ಬಿಡ್ತಿಲ್ಲ, ಗಬಗಬ ನುಂಗ್ತಿದೆ, ಹಿಂದಿನದು ತಳ್ತಿದೆ, ತಳ್ಳಾಟಕ್ಕೆ ಫೀಡರ್ ಜೋಲಾಡಿ ಫೀಡ್ ಹೊಟ್ಟಿಗೆ ಚೆಲ್ತಿದೆ. ನೀಲಿ ಮರಿಲಿ ಒಂದು ಐದು ಸಲ ಬಂತು, ಐದು ಸಲನೂ ದೊಡ್ಡ ಕೋಳಿ ಸಂದೀಲಿ ತಲೆ ತೂರಿಸೋಕೆ ನೋಡ್ತು, ಆಗ್ಲಿಲ್ಲ, ಹೋಗಿ ನೀರು ಕುಡಿದು ಮೂಲೇಲಿ ಕೂತ್ಕೊಳ್ತು. ಹಿಡಿದು ಕತ್ತಿನ ಬುಡ ಮುಟ್ಟಿ ನೋಡಿದ್ರೆ ಒಳಗೆ ಬರೀ ನೀರು, ಮೇವೇ ಇಲ್ಲ.

ಆಮೇಲೆ ಮನೆಗೆ ಹೋಗಿ ಬಟ್ಟೆ ಹೊಲಿಯೋ ಟೇಪ್ ತಂದೆ. ಜಂಬೋ ತಟ್ಟೆ ಅಡ್ಡಗಲ ಹದಿಮೂರೂವರೆ ಇಂಚು. ಸುತ್ತಳತೆ 108 ಸೆಂಟಿಮೀಟರ್. ತೂತು ಬಿದ್ದಿದೆ ಅಂತ ಎಕ್ಸ್‌ಚೇಂಜಿಗೆ ಕೊಡದೇ ಬಿಟ್ಟಿದ್ದ ಹಳೇ ತಟ್ಟೆ ಒಂದು ಕೊಟ್ಟಿಗೇಲಿತ್ತು, ಅದು 16 ಇಂಚು, ಸುತ್ತಳತೆ 127. ಅಂದ್ರೆ ಹೊಸದರ ಬಾಯಿ ಹಳೇದಕ್ಕಿಂತ ಚಿಕ್ಕದು! ದೊಡ್ಡದಾಗಿರೋದು ಮೇಲಿನ ಡಬ್ಬ ಮಾತ್ರ! ಹಳೇ ಲೆಕ್ಕದಲ್ಲಿ 127 ಸೆಂಟಿಮೀಟರ್ 50 ಕೋಳಿಗೆ, ಒಂದಕ್ಕೆ ಎರಡೂವರೆ. ಈಗ 108 ನೂರು ಕೋಳಿಗೆ, ಒಂದಕ್ಕೆ ಒಂದು ಚಿಲ್ಲರೆ. ಇಡೀ ಶೆಡ್ಡಿಗೆ ಲೆಕ್ಕ ಹಾಕಿದ್ರೆ ಮೊದಲು 127 ಮೀಟರ್ ಅಂಚು ಇತ್ತು, ಈಗ 54 ಮೀಟರ್. ಅರ್ಧಕ್ಕಿಂತ ಕಮ್ಮಿ. ಹೆಂಡತಿ ಕೇಳಿದ್ದು ಇದನ್ನೇ ಅಲ್ವಾ. ಟೇಪ್ ಹಿಡ್ಕೊಂಡು ಸುಮಾರು ಹೊತ್ತು ಅಲ್ಲೇ ನಿಂತಿದ್ದೆ. ತರಬೇತಿ ನೋಟ್ ಬುಕ್ ಹುಡುಕಿ ತೆಗೆದ್ರೆ ನನ್ನ ಕೈಬರಹದಲ್ಲೇ ಇದೆ, ನೇತಾಡೋ ಫೀಡರ್ 50ಕ್ಕೆ ಒಂದು, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೀನಿ.

ಈ ಲೆಕ್ಕ ಹೇಳ್ದಾಗ ಡೀಲರ್ ಕಳಿಸಿದ ವಾಯ್ಸ್ ಮೆಸೇಜ್ ಇನ್ನೂ ಇಟ್ಕೊಂಡಿದ್ದೀನಿ. "ಸಾರ್, ನೂರು ಕೋಳಿನೂ ಒಟ್ಟಿಗೆ ತಿನ್ನುತ್ತಾ? ಮದುವೆ ಮನೇಲಿ ಪಂಕ್ತಿ ಮೇಲೆ ಪಂಕ್ತಿ ಕೂರಲ್ವಾ, ಹಂಗೆ." ಮದುವೆ ಮನೇಲಿ ಏನಾಗುತ್ತೆ ಅಂತ ನಮಗೆ ಗೊತ್ತಿಲ್ವಾ? ಎರಡನೇ ಪಂಕ್ತಿಯೋರು ನಮ್ಮ ಕುರ್ಚಿ ಹಿಂದೆನೇ ಬಂದು ನಿಂತ್ಕೊಂಡು ನಾವು ಪಾಯಸ ಮುಗಿಸೋದನ್ನೇ ಕಾಯ್ತಿರ್ತಾರೆ, ಮನುಷ್ಯರೇ ಹಿಂಗೆ, ಇನ್ನು ಕೋಳಿ ಕಾಯುತ್ತಾ? ಅದು ಕುರ್ಚಿ ಮೇಲೇ ಹತ್ತುತ್ತೆ.

ಮತ್ತೊಂದು ಮೆಸೇಜು, "ದೊಡ್ಡ ದೊಡ್ಡ ಇಸಿ ಶೆಡ್ಡಲ್ಲಿ 60-70 ಕೋಳಿಗೆ ಒಂದು ಪ್ಯಾನ್ ಸಾರ್, ಅವ್ರೇನು ದಡ್ಡರಾ?" ಇಸಿ ಅಂದ್ರೆ ಗಾಳಿ, ಬಿಸಿ ಎಲ್ಲಾ ಮೆಷಿನ್ನೇ ನೋಡ್ಕೊಳ್ಳೋ ಮುಚ್ಚಿದ ಶೆಡ್, ಪ್ಯಾನ್ ಅಂದ್ರೆ ಅಲ್ಲಿನ ಫೀಡ್ ತಟ್ಟೆ. ಅಲ್ಲಪ್ಪ, ಒಂದು ಅಲ್ಲಿ 70, ನೀನು ನನಗೆ ಹೇಳಿದ್ದು 100. ಇನ್ನೊಂದು ಅಲ್ಲಿ ಮೋಟ್ರು ತಾನಾಗೇ ಫೀಡ್ ತಂದು ಸುರಿಯುತ್ತೆ, ತಟ್ಟೆ ಖಾಲಿ ಆಗೋದೇ ಇಲ್ಲ, ಲೈಟ್ ಲೆಕ್ಕದಲ್ಲಿ ಹತ್ತಿ ಲೆಕ್ಕದಲ್ಲಿ ಆರುತ್ತೆ. ಫೀಡ್ ಯಾವಾಗ್ಲೂ ಇದ್ರೆ ಜಾಗ ಸ್ವಲ್ಪ ಕಮ್ಮಿ ಆದ್ರೂ ಕೋಳಿ ಬೇಗಬೇಗ ತಿಂದು ಸರಿ ಮಾಡ್ಕೊಳ್ಳುತ್ತೆ, ಅದನ್ನ ಒಪ್ತೀನಿ. ಕರೆಂಟ್ ಹೋಗೋ, ಡಬ್ಬದಲ್ಲೇ ಫೀಡ್ ಕಟ್ಕೊಳ್ಳೋ ನಮ್ಮ ಶೆಡ್ಡಿಗೆ ಆ ಲೆಕ್ಕ ತಂದು ಹಾಕಿದ್ರೆ ಹಿಂಗೇ ಆಗೋದು.

ಮಹಾಲಯ ಅಮಾವಾಸ್ಯೆಗೆ ಬಾಮೈದ ಬಂದಿದ್ದ, ಅವನದೂ ಕೋಳಿ ಫಾರಂ ಇದೆ. ಊಟಕ್ಕೆ ಮುಂಚೆ ಶೆಡ್ ಕಡೆ ಹೋಗಿ ಬಂದು, ಎಲ್ಲರ ಮುಂದೆ, "ಭಾವ, ಒಂದೇ ಶೆಡ್ಡಲ್ಲಿ ಎರಡು ಬ್ಯಾಚ್ ಬಿಟ್ಟಿದ್ದೀರಾ?" ಅಂದ. ತಮಾಷೆಗಲ್ಲ, ನಿಜವಾಗ್ಲೂ ಹಂಗೇ ಅಂದ್ಕೊಂಡಿದ್ದಾನೆ. ನನ್ನ ಹೆಂಡತಿ ಬಾಯಿ ಬಿಡ್ಲಿಲ್ಲ, ಬಡಿಸ್ತಾ ಇದ್ಲು. ಬೈದಿದ್ರೇ ಚೆನ್ನಾಗಿರೋದು.

ಅವನ ಶೆಡ್ ಖಾಲಿ ಇತ್ತು, ಮಾರನೇ ದಿನ 60 ಹಳೇ ಫೀಡರ್ ಟೆಂಪೋದಲ್ಲಿ ಕಳಿಸ್ದ. ಜಂಬೋ ಮಧ್ಯೆ ಮಧ್ಯೆ ಕಟ್ಟಿದ್ವಿ. ನಂಬ್ತೀರೋ ಇಲ್ವೋ, ಸಾಯಂಕಾಲಕ್ಕೆ ಜಗಳದ ಸದ್ದು ನಿಂತೋಯ್ತು. ಗಾಯ ಕಮ್ಮಿ ಆಯ್ತು. ಆದ್ರೆ ಹಿಂದೆ ಬಿದ್ದ ಮರಿ ಹಿಂದೆನೇ ಉಳೀತು, ಮೂರೂವರೆ ವಾರಕ್ಕೆ ಬುದ್ಧಿ ಬಂದ್ರೆ ಇನ್ನೇನಾಗುತ್ತೆ.

ಲಿಫ್ಟಿಂಗಲ್ಲಿ, ಅಂದ್ರೆ ಬೆಳೆದ ಕೋಳಿ ಹಿಡಿದು ಸಾಗಿಸೋವಾಗ, ಒಂದರ ತೂಕ ಸರಾಸರಿ 1.88 ಕೆ.ಜಿ. ಬಂತು, ಹೋದ ಬ್ಯಾಚ್ 2.15 ಇತ್ತು. ಸಣ್ಣವನ್ನ ವ್ಯಾಪಾರಿ ಬೇಡ ಅಂದು ಎರಡು ರಾತ್ರಿ ಸತಾಯಿಸ್ದ. ಎಫ್‌ಸಿಆರ್ (ಒಂದು ಕೆ.ಜಿ. ತೂಕ ಬರೋಕೆ ತಿಂದ ಫೀಡ್ ಎಷ್ಟು ಕೆ.ಜಿ. ಅನ್ನೋ ಲೆಕ್ಕ) 1.78. ಕೆ.ಜಿ.ಗೆ ಆರೂವರೆ ಕಂಪನಿ ಕೊಡ್ತಿದ್ದ ಸಾಕಣೆ ದರ ನಾಲ್ಕೂ ಕಾಲಿಗೆ ಬಿತ್ತು. 67,000 ಚಿಲ್ಲರೆ ಬರೋ ಕಡೆ 37,000 ಚಿಲ್ಲರೆ, ಅದ್ರಲ್ಲೇ ಹೊಟ್ಟು, ಕರೆಂಟು. ಫೀಡರ್ ದುಡ್ಡು ಬೇರೆ.

ವಾಪಸ್ ತಗೋ ಅಂದ್ರೆ "ಬಳಸಿದ ಮಾಲು ವಾಪಸ್ ಇಲ್ಲ ಸಾರ್." ನನ್ನ ಹಳೇದಾದ್ರೂ ಕೊಡು ಅಂದ್ರೆ "ಅದು ಗುಜರಿಗೆ ಹೋಯ್ತು ಸಾರ್."

ಗುಜರಿಗೆ ಹೋಗಿರ್ಲಿಲ್ಲ. ಹೋದ ವಾರ ಕೊರಟಗೆರೆ ಕಡೆ ಒಬ್ರ ಫಾರಂಗೆ ಹೊಟ್ಟು ಕೇಳೋಕೆ ಹೋಗಿದ್ದೆ. ಒಳಗೆ ನೋಡಿದ್ರೆ ಫೀಡರ್ ಮೇಲೆ ಕೆಂಪು ಪೇಂಟಲ್ಲಿ ನಂಬರ್. 2020ರಲ್ಲಿ ಲಾಕ್‌ಡೌನಲ್ಲಿ ಸ್ಕೂಲ್ ಇಲ್ದೇ ಮನೇಲಿದ್ದಾಗ ನನ್ನ ಮಗಳು ಕೂತು ಬರೆದ ನಂಬರ್ ಅವು, 7ಕ್ಕೆ ಅಡ್ಡ ಗೆರೆ ಹಾಕೋದು ಅವಳ ಅಭ್ಯಾಸ. 37, 47, 70, ಎಲ್ಲಾ ನೇತಾಡ್ತಿವೆ. ಎಷ್ಟಕ್ಕೆ ತಗೊಂಡ್ರಿ ಅಂದೆ. "140 ಒಂದಕ್ಕೆ. ಸೆಕೆಂಡ್ ಹ್ಯಾಂಡ್ ಆದ್ರೂ ಒಳ್ಳೇ ಮಾಲು, ಬಾಯಿ ಅಗಲ ಇದೆ, 50 ಕೋಳಿಗೆ ಒಂದು ಹಾಕಿ, ಅದಕ್ಕಿಂತ ಜಾಸ್ತಿ ಬಿಡ್ಬೇಡಿ ಅಂತ ಡೀಲರೇ ಹೇಳಿದ್ರು."

ಡೀಲರೇ ಹೇಳಿದ್ರು! 50ಕ್ಕೆ ಒಂದು ಅಂತ! ಅವನಿಗೆ ಗೊತ್ತಿತ್ತು. ಮೊದಲಿಂದನೂ ಗೊತ್ತಿತ್ತು. ನನಗೆ ದುಡ್ಡು ಹೋಗಿದ್ದಕ್ಕಿಂತ ಇದು ಜಾಸ್ತಿ ಉರೀತಿದೆ.

ಫೀಡರ್ ಎಷ್ಟು ಕೆ.ಜಿ. ಹಿಡಿಯುತ್ತೆ ಅಂತ ಕೇಳೋಕೆ ಹೋಗ್ಬೇಡಿ, ಟೇಪ್ ಜೇಬಲ್ಲಿಟ್ಕೊಂಡು ತಟ್ಟೆ ಸುತ್ತ ಅಳೀರಿ, ಕೋಳಿ ಲೆಕ್ಕಕ್ಕೆ ಭಾಗಿಸಿ, ಎರಡೂವರೆ ಸೆಂಟಿಮೀಟರ್ ಬರದಿದ್ರೆ ಯೋಚನೆ ಮಾಡಿ. ಹಳೇದನ್ನ ಒಂದು ಬ್ಯಾಚ್ ಮುಗಿಯೋ ತನಕ ಯಾರಿಗೂ ಕೊಡ್ಬೇಡಿ. ಎಸ್ಟಿಮೇಟ್ ಚೀಟಿಗೆ ದುಡ್ಡು ಕಳಿಸ್ಬೇಡಿ. ಮನೆಯೋರು ಏನಾದ್ರೂ ಕೇಳಿದ್ರೆ ಡೀಲರ್ ಜೊತೆ ಸೇರ್ಕೊಂಡು ನಗ್ಬೇಡಿ.

ಬಾಮೈದನ ಫೀಡರ್ ವಾಪಸ್ ಕೊಟ್ಟು ಹೊಸದಾಗಿ 12 ಕೆ.ಜಿ.ದೇ 100 ತಂದು ಹಾಕಿದ್ದೀನಿ, ಸಾಲ ಮಾಡಿ. ಜಂಬೋ 50ನೂ ಕೊಟ್ಟಿಗೇಲಿ ಬಿದ್ದಿವೆ. ಒಂದರ ತಟ್ಟೇಲಿ ನಮ್ಮನೆಯವಳು ಹಸುಗೆ ಹಿಂಡಿ ನೆನೆ ಹಾಕ್ತಾಳೆ, ನಾನು ಎದುರಿಗಿದ್ದಾಗ ಮಾತ್ರ ಸ್ವಲ್ಪ ಜೋರಾಗಿ ಸದ್ದು ಮಾಡಿ ಇಡ್ತಾಳೆ.